ಬಣ್ಣ ಬಳಿದ ಬೋಲ್ಟು, ಬಾಗಿದ ಹೆಡ್‌ಮಾಸ್ತರು

"ಇನ್ನು ಮುಂದೆ ನಮ್ಮ ಪಿಕಪ್ ಯಾವ ಮೆಕ್ಯಾನಿಕ್‌ನ ಹೊಸ್ತಿಲನ್ನೂ ತುಳಿಯೋದಿಲ್ಲ!" ಎಂದು ನಾನು ಘೋಷಿಸಿದಾಗ ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು, ಹೆಂಡತಿಯ ಕೈಯಲ್ಲಿ ಹೆಡ್‌ಮಾಸ್ತರರ ಮೂಗಿತ್ತು!

ಗಾಬರಿಯಾಗಬೇಡಿ, ಮೇಣದ ಮೂಗು. ನನ್ನಾಕೆ ಮೇಣದಲ್ಲಿ ಬೊಂಬೆ ಮಾಡುವವಳು. ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ತರರಿಗೆ ಅವರದೇ ತಲೆಯನ್ನು ಉಡುಗೊರೆ ಕೊಡಬೇಕೆಂದು ಶಾಲೆಯವರು ಇವಳಿಗೆ ಹೇಳಿದ್ದರು. ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಹನ್ನೊಂದು ದಿನ ಊಟ ನಿದ್ದೆ ಬಿಟ್ಟು ತಿದ್ದಿದ್ದಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ತಲೆ ವೇದಿಕೆಯ ಮೇಲಿರಬೇಕಿತ್ತು.

"ರೀ, ನಿಮ್ಮ ದಮ್ಮಯ್ಯ, ಇವತ್ತೊಂದಿನ ಆ ಗಾಡಿ ಮುಟ್ಬೇಡಿ."

"ಹೆಡ್‌ಲೈಟ್ ಮಂಕಾಗಿದೆ ಕಣೇ. ಇಪ್ಪತ್ತೆರಡು ವರ್ಷದ ಗಾಡಿ. ನಾಡಿ ಹಿಡಿದ್ರೆ ನಂಗೆ ಗೊತ್ತಾಗಲ್ವಾ?"

ನಾಡಿ ಸರಿಯಾಗಿಯೇ ಹಿಡಿದಿದ್ದೆ ಸ್ವಾಮಿ! ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ಅರ್ಥ್ ವೈರು ಗಾಡಿಯ ಮೈಗೆ ಕಚ್ಚಿಕೊಳ್ಳುವ ಜಾಗವೆಲ್ಲ ತುಕ್ಕು. ತಿಕ್ಕಿ ತಿಕ್ಕಿ ಫಳಫಳ ಮಾಡಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತು ತಲೆ ಎತ್ತಿಕೊಂಡು ಓಡಾಡುತ್ತಿದ್ದೆ. ಮತ್ತೆ ತುಕ್ಕು ಹಿಡಿಯದಿರಲೆಂದು ಗೇಟಿಗೆ ತಂದಿದ್ದ ಹಸಿರು ಬಣ್ಣವನ್ನು ಎರಡು ಸಲ ಬಳಿದು, ಒಣಗಿಸಿ, ಅದರ ಮೇಲೆ ವೈರನ್ನು ಬಿಗಿದೆ. ಬೋಲ್ಟನ್ನೂ ಬಿಡಲಿಲ್ಲ!

ಬೆಳಿಗ್ಗೆ ಹೊರಟಾಗ ದಟ್ಟ ಮಂಜು. ಹಿಂದೆ ಕುಲುಕಾಟವೆಂದು ಹೆಂಡತಿ ಹೆಡ್‌ಮಾಸ್ತರರನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ನಾನು ಹೆಡ್‌ಲೈಟ್ ಹಾಕಿದೆ. ಇಂಡಿಕೇಟರ್ ಹಾಕಿದರೆ ವೈಪರ್ ನಡುಗಿತು! ಬ್ರೇಕ್ ಒತ್ತಿದರೆ ರೇಡಿಯೋ ಬಾಯಿ ಮುಚ್ಚಿತು! ಅಷ್ಟರಲ್ಲಿ ಹೆಂಡತಿ ಕಿರುಚಿದಳು:

"ರೀ! ಬಿಸಿ ತೋರ್ಸೋ ಮುಳ್ಳು ಕೆಂಪಿಗೆ ಹೋಯ್ತು!"

ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಹೊಗೆಯಿಲ್ಲ, ಆವಿಯಿಲ್ಲ, ನೀರು ಸೋರಿಲ್ಲ. ಲೈಟ್ ಆರಿಸಿ ನೋಡಿದರೆ ಮುಳ್ಳು ಸಾಧುವಿನಂತೆ ಕೆಳಗೆ! ಮತ್ತೆ ಲೈಟ್ ಹಾಕಿ ಹೊರಟರೆ ಮತ್ತೆ ಕೆಂಪು!

"ಇಂಜಿನ್ ಕುದೀತಿದೆ. ಹೀಟರ್ ಪೂರ್ತಿ ಹಾಕಿದ್ರೆ ಅದರ ಕಾವನ್ನೆಲ್ಲ ಒಳಗೆ ಎಳ್ಕೋಬಹುದು. ದೊಡ್ಡ ದೊಡ್ಡ ಡ್ರೈವರ್‌ಗಳ ಗುಟ್ಟು ಇದು!" ಎಂದೆ.

ಗುಟ್ಟು ಕಾಲು ಗಂಟೆ ಕೆಲಸ ಮಾಡಿತು. ನಾನು ಬೆವರಿದೆ. ಹೆಂಡತಿ ಬೆವರಿದಳು. ನಾವಿಬ್ಬರೂ ರಸ್ತೆ ನೋಡುತ್ತಿದ್ದಾಗ ಹೆಡ್‌ಮಾಸ್ತರರೂ ಬೆವರಿದರು.

"ರೀ... ಮೀಸೆ ಗಲ್ಲಕ್ಕೆ ಬಂತು."

ತಿರುಗಿ ನೋಡಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಇಲ್ಲಿ ಮೂಗು ಮಾತ್ರ ಗಣಪತಿಯದೇ ಆಗಿತ್ತು. ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಜಾರಿದ ಮೀಸೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದಳು.

ಎದುರಿಗೆ ಸಿಕ್ಕ ಮೆಕ್ಯಾನಿಕ್ ಷೆಡ್ಡಿಗೆ ಗಾಡಿ ನುಗ್ಗಿಸಿದೆ. ಆತ ಹೀಟರ್ ಆರಿಸಿ, ಲೈಟನ್ನು ಎರಡು ಸಲ ಹಾಕಿ ತೆಗೆದ.

"ಇಂಜಿನ್‌ಗೆ ಏನೂ ಆಗಿಲ್ಲ ಸಾರ್, ಮುಳ್ಳು ಸುಳ್ಳು ಹೇಳ್ತಿದೆ. ಲೈಟ್ ಆರಿಸಿದ ತಕ್ಷಣ ಯಾವ ಇಂಜಿನ್‌ಗೆ ಜ್ವರ ಬಿಡುತ್ತೆ?" ಎಂದವನು ಅರ್ಥ್ ವೈರು ನೋಡಿ ಹೌಹಾರಿದ. "ಇಲ್ಲಿ ಬಣ್ಣ ಬಳಿದ ಪುಣ್ಯಾತ್ಮ ಯಾರು? ಲೈಟಿನ ಕರೆಂಟು ವಾಪಸ್ ಹೋಗೋಕೆ ದಾರಿಯಿಲ್ದೆ ಮುಳ್ಳಿನ ವೈರಿಗೆ ನುಗ್ತಿದೆ!"

ಹೆಂಡತಿ ನನ್ನತ್ತ ಬೆರಳು ತೋರಿಸಿದಳು. ಆತ ಬಣ್ಣ ಕೆರೆದು ವೈರು ಬಿಗಿದ. ಎರಡೇ ನಿಮಿಷ!

ಶಾಲೆಯಲ್ಲಿ ಮೇಣದ ತಲೆಗೆ ಹೊದಿಸಿದ್ದ ಬಟ್ಟೆ ಸರಿಸಿದಾಗ ಸಭಾಂಗಣದಲ್ಲಿದ್ದ ನಾನೂರು ಮಕ್ಕಳೂ ಕತ್ತು ಉದ್ದ ಮಾಡಿ ನೋಡಿದರು. ಹೆಡ್‌ಮಾಸ್ತರರು ತಮ್ಮ ಮುಖವನ್ನು ತಾವೇ ಮುಟ್ಟಿ ನೋಡಿಕೊಂಡರು. ಹೆಂಡತಿ ಕಣ್ಣು ತುಂಬಿಕೊಂಡು, ಮೈಕಿನಲ್ಲೇ, ಒಂದಕ್ಷರ ಬಿಡದೆ ಎಲ್ಲವನ್ನೂ ಹೇಳಿಬಿಟ್ಟಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಹೆಡ್‌ಮಾಸ್ತರರು ಮಕ್ಕಳ ಕಡೆ ತಿರುಗಿದರು.

"ಮಕ್ಕಳೇ, ಬಣ್ಣದ ಮೂಲಕ ಕರೆಂಟು ಹರಿಯುತ್ತಾ?"

"ಇಲ್ಲಾ ಸಾ...ರ್!" ನಾನೂರು ಗಂಟಲು!

"ಅಳಬೇಡಮ್ಮ. ಮೂವತ್ತಾರು ವರ್ಷ ವಿಜ್ಞಾನ ಹೇಳಿದೀನಿ, ಮಕ್ಕಳಿಗೆ ಇಷ್ಟು ಚೆನ್ನಾಗಿ ಯಾವ ಪಾಠವೂ ಅರ್ಥ ಆಗಿರಲಿಲ್ಲ. ಈ ತಲೆ ನಮ್ಮ ಲ್ಯಾಬ್‌ನಲ್ಲೇ ಇರಲಿ" ಎಂದವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಇವರನ್ನೂ ಇಲ್ಲೇ ಬಿಟ್ಟು ಹೋಗಮ್ಮ. ಏಳನೇ ಕ್ಲಾಸಲ್ಲಿ ಒಂದು ಜಾಗ ಖಾಲಿ ಇದೆ."

ಬೆಳಗಿನಿಂದ ಮೊದಲ ಸಲ ನಕ್ಕ ನನ್ನ ಹೆಂಡತಿ, ನನ್ನ ಜೇಬಿನಿಂದ ಗಾಡಿ ಕೀ ತೆಗೆದುಕೊಂಡಳು.

"ಸಂಜೆ ಬೆಲ್ ಎಷ್ಟು ಗಂಟೆಗೆ ಸಾರ್? ಬಂದು ಕರ್ಕೊಂಡು ಹೋಗ್ತೀನಿ."