ನಾನೇ ಹಾಕಿದ ಪಂಚರ್

ಹರಿದ ಅಂಗಿಗೆ ತೇಪೆ ಹಾಕುತ್ತೇವೆ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತೇವೆ. ಇವೆರಡರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಗಾಡಿಯ ಗಾಲಿ ಪಂಚರ್ ಆಯಿತೆಂದು ಅದಕ್ಕೆ ಮತ್ತೆ 'ಪಂಚರ್ ಹಾಕಿಸುವುದು' ಯಾವ ನ್ಯಾಯ? ರೋಗಕ್ಕೂ ಔಷಧಕ್ಕೂ ಒಂದೇ ಹೆಸರಿಟ್ಟುಕೊಂಡ ಜನ ನಾವು. ರಾಯಚೂರು ಬಿಟ್ಟು ದೇವದುರ್ಗದ ದಾರಿ ಹಿಡಿದರೆ ರಸ್ತೆ ಬದಿಯ ಹಲಗೆಗಳ ಮೇಲೆ 'ಇಲ್ಲಿ ಪಂಚರ್ ಹಾಕಲಾಗುವುದು' ಎಂದು ಬರೆದಿರುತ್ತದೆ. ಹತ್ತಿ ಮಿಲ್ಲಿನಲ್ಲಿ ಗುಮಾಸ್ತನಾಗಿರುವ ನಾನು ಇನ್ನೊಬ್ಬರ ಮಾತಿನ ತಪ್ಪು ಹುಡುಕಿ ಸಂತೋಷಪಡುವ ಪೈಕಿಯವನು. ಆ ಹಲಗೆ ಕಂಡಾಗಲೆಲ್ಲ ಗಾಡಿಯ ಮೇಲೆ ಕೂತೇ ನಗುತ್ತಿದ್ದೆ. ಈಗ ನಗುವುದಿಲ್ಲ. ಆ ಮಾತಿಗೆ ಅಕ್ಷರಶಃ ಅರ್ಥ ಬರುವಂತೆ ನಡೆದುಕೊಂಡವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಇದಕ್ಕೆಲ್ಲ ಮೂಲ ಒಂದು ಪ್ಲಗ್ ಕಿಟ್. ಟ್ಯೂಬಿಲ್ಲದ ಟೈರಿಗೆ ಮುಳ್ಳೋ ಮೊಳೆಯೋ ಚುಚ್ಚಿದರೆ ಅದನ್ನು ಕಿತ್ತು, ಅರದಂಥ ಸಲಾಕೆಯೊಂದನ್ನು ತೂತಿನಲ್ಲಿ ತಿರುವಿ ಉಜ್ಜಿ, ಅಂಟು ಸವರಿದ ರಬ್ಬರ್ ಬತ್ತಿಯನ್ನು ದಪ್ಪ ಸೂಜಿಯಿಂದ ಒಳಗೆ ನೂಕಿಬಿಟ್ಟರೆ ಕೆಲಸ ಮುಗಿಯಿತು. ಫೋನಿನಲ್ಲಿ ಬಂದ ವಿಡಿಯೋದಲ್ಲಿ ಬಿಳಿ ಕೈಗವಸಿನ ಒಬ್ಬ ಮಹಾನುಭಾವ ಹಲ್ಲುಜ್ಜಿದಷ್ಟು ಸಲೀಸಾಗಿ ಮಾಡಿ ತೋರಿಸಿದ್ದ. ನಮ್ಮ ಕಡೆ ಮಳೆಗೆ ಬರ ಬರಬಹುದು, ಬಳ್ಳಾರಿ ಜಾಲಿಯ ಮುಳ್ಳಿಗೆ ಎಂದೂ ಬಂದಿಲ್ಲ. ಪಂಚರ್ ಅಂಗಡಿಯ ಮುಂದೆ ಮುರುಕು ಕುರ್ಚಿಯ ಮೇಲೆ ಕೂತು, ಅಂಗಡಿಯವ ಫೋನಿನಲ್ಲಿ ತನ್ನ ಷಡ್ಡಕನ ಜೊತೆ ಜಗಳ ಮುಗಿಸುವುದನ್ನು ಕಾಯುವುದೆಂದರೆ ನನಗೆ ಮೈ ಉರಿಯುತ್ತದೆ. ಇನ್ನು ಯಾರ ಹಂಗೂ ಬೇಡವೆಂದು ಕಿಟ್ ತಂದೆ. ಮನೆಯಾಕೆ ಡಬ್ಬಿ ಬಿಚ್ಚಿ, ಒಂದೊಂದೇ ಸಾಮಾನು ಎತ್ತಿ ನೋಡಿ, ಕೊನೆಗೆ ತುದಿ ಸೀಳಿದ ಒಂದು ಸಣ್ಣ ಲೋಹದ ಕಡ್ಡಿಯನ್ನು ಹಿಡಿದಳು.

"ಇದು ಯಾತಕ್ರೀ?"

"ಅದು ಸುಮ್ನ ಇಟ್ಟಿರ್ತಾರ. ಡಬ್ಬಿ ತುಂಬಿದಂಗ ಕಾಣ್ಲಿ ಅಂತ."

"ಅಂಗಡಿಯಾವ ನಿಮ್ಮನ್ನ ಮಾಮೂ ಮಾಡ್ಯಾನ ಬಿಡ್ರಿ."

ಟೋಪಿ ಹಾಕಿಸಿಕೊಂಡವನಿಗೆ ನಮ್ಮ ಊರಿನಲ್ಲಿ 'ಮಾಮೂ ಆದ' ಎನ್ನುತ್ತಾರೆ. ದಖನಿ ಉರ್ದುವಿನಲ್ಲಿ ಮಾಮೂ ಎಂದರೆ ತಾಯಿಯ ಒಡಹುಟ್ಟಿದವನು, ಸೋದರಮಾವ. ಅಂಥ ಗೌರವದ ನಂಟಿಗೆ ಇಂಥ ಗತಿ ಯಾಕೆ ಬಂತೆಂದು ನಾನು ಒಂದೆರಡು ಸಲ ಯೋಚಿಸಿದ್ದುಂಟು. ಉತ್ತರ ಮಾತ್ರ ಜಾಲಹಳ್ಳಿಯಲ್ಲಿ ಸಿಕ್ಕಿತು.

ದೇವದುರ್ಗದಾಚೆಯ ಈ ಜಾಲಹಳ್ಳಿ ನನ್ನ ತಂಗಿ ರೇಣುಕಾಳ ಗಂಡನ ಊರು. ಅವಳ ಮಗನಿಗೆ ಜವಳ ತೆಗೆಸುವ ಕಾರ್ಯವಿತ್ತು. ಹುಟ್ಟುಗೂದಲು ತೆಗೆಸುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಎಳೆಗೆ ಅವನೇ ಕತ್ತರಿ ಮುಟ್ಟಿಸಬೇಕು, ಆಮೇಲೆ ಅವನೇ ಬೆಳ್ಳಿಯ ಉಡದಾರ ಕಟ್ಟಬೇಕು. ನಮ್ಮ ಅಪ್ಪ ಅವ್ವ ಇಬ್ಬರೂ ಇಲ್ಲ. ಅವಳಿಗೆ ತವರು ಅಂತ ಇರುವುದು ನಾನೊಬ್ಬನೇ. ಗಂಡನ ಕಡೆಯವರು ತುಂಬಿದ ಅಂಗಳದಲ್ಲಿ ತನಗೂ ಜನರಿದ್ದಾರೆ ಎಂದು ತೋರಿಸಿಕೊಳ್ಳಲು ಅವಳಿಗೆ ಇದ್ದದ್ದು ನನ್ನ ಈ ಒಂದು ತೊಡೆ. ಹಿಂದಿನ ಸಂಜೆ ಫೋನು ಮಾಡಿದ್ದಳು.

"ಅಣ್ಣಾ, ಬಿಸಿಲು ಏರೂದ್ರೊಳಗ ಬಾ. 'ನಿಮ್ಮಣ್ಣ ಬರ್ತಾನೋ ಇಲ್ಲೋ' ಅಂತ ನಮ್ಮತ್ತಿ ಈಗ್ಲೇ ಶುರು ಹಚ್ಚ್ಯಾಳ. ಆ ಗಾಡಿ ಗೀಡಿ ಬ್ಯಾಡ, ಬಸ್ಸಿಗೇ ಬಾ."

ಬಸ್ಸಿಗೆ ಬಾ ಎಂದರೆ ನನಗೆ ಸಿಟ್ಟು. ನನ್ನ ಗಾಡಿಗೇನಾಗಿದೆ? ಮನೆಯಾಕೆ ತನ್ನ ತವರು ಮಾನ್ವಿಗೆ ಹೋಗಿದ್ದವಳು ಅಲ್ಲಿಂದಲೇ ಬಸ್ಸು ಹಿಡಿದು ಜಾಲಹಳ್ಳಿಗೆ ಬರುವವಳಿದ್ದಳು. ನಾನು ಬೆಳಿಗ್ಗೆ ಉಡದಾರವನ್ನು ಜೇಬಿಗೆ ಹಾಕಿಕೊಂಡು ಗಾಡಿಗೆ ಒದ್ದೆ. ಕಲ್ಮಲಾ ದಾಟಿ ಸ್ವಲ್ಪ ದೂರ ಹೋಗಿರಬೇಕು, ಹಿಂದಿನ ಗಾಲಿ ಜೋಲಿ ಹೊಡೆಯತೊಡಗಿತು. ಇಳಿದು ಹಿಸುಕಿ ನೋಡಿದರೆ ಗಾಳಿ ಕಡಿಮೆ. ಪೂರ್ತಿ ಹೋಗಿರಲಿಲ್ಲ, ನಿಧಾನ ಹೊಡೆದಿದ್ದರೆ ಮುಂದಿನ ಗಬ್ಬೂರಿನ ಪಂಚರ್ ಅಂಗಡಿ ಮುಟ್ಟಿಸುತ್ತಿತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಬೇಸರವಾಗಲಿಲ್ಲ, ಖುಷಿಯಾಯಿತು. ಕಿಟ್ ತಂದು ತಿಂಗಳುಗಟ್ಟಲೆ ಒಂದು ಪಂಚರಿಗಾಗಿ ಹಂಬಲಿಸಿದ್ದವನು ನಾನು.

ಗಾಲಿ ತಿರುಗಿಸುತ್ತ ಹೋದಂತೆ ಒಂದು ಜಾಲಿಮುಳ್ಳು ಸಿಕ್ಕಿತು. ಕಿತ್ತರೆ ಬುಸ್ ಅನ್ನಬೇಕಿತ್ತು, ಅನ್ನಲಿಲ್ಲ. ಮುಳ್ಳು ನೋಡಿದರೆ ಅಕ್ಕಿಕಾಳಿನಷ್ಟಿತ್ತು. ತುದಿ ಮುರಿದು ಒಳಗೇ ಉಳಿದಿರಬೇಕೆಂದು ನಾನೇ ತೀರ್ಪು ಕೊಟ್ಟು, ಸಲಾಕೆ ಇಟ್ಟು ಒತ್ತಿದೆ. ಹೋಗಲಿಲ್ಲ. ವಿಡಿಯೋದವ ಬಲ ಹಾಕಬೇಕು ಎಂದಿದ್ದ. ಮೊಣಕಾಲೂರಿ ಮೈಭಾರವನ್ನೆಲ್ಲ ಹೇರಿ ತಿರುವಿದೆ. ಅಂಗಿ ಬೆನ್ನಿಗೆ ಅಂಟಿತು. ಕೊನೆಗೆ ಸಲಾಕೆ ದಡಕ್ಕನೆ ಒಳಗೆ ಹೋಗಿ, ಸುತ್ತಲಿಂದ ಗಾಳಿ ಭುಸ್ಸೆಂದು ಹೊರಬಂತು. "ಸಿಕ್ತು!" ಎಂದು ಕೂಗಿಯೇ ಬಿಟ್ಟೆ.

ಕೂಗಿಗೆ ಕುರಿ ಹೊಡೆದುಕೊಂಡು ಹೊರಟಿದ್ದ ಒಬ್ಬ ಮುದುಕಿ ನಿಂತಳು. ಅವಳ ಜೊತೆ ಕುರಿಗಳೂ ನಿಂತವು.

"ಯಪ್ಪಾ, ಗಾಳಿ ಹೋಗಾಕತ್ತದಲ್ಲೋ!"

"ಹೋಗ್ಲಿ ಬಿಡು ಯವ್ವಾ. ಅದು ಹೋಗಬೇಕು."

"ಹೋಗಬೇಕಂದ್ರ ತುಂಬಿಸಿದ್ದ್ಯಾಕ?"

ನಾನು ವಿಡಿಯೋದಲ್ಲಿ ಕಂಡಂತೆ ರಬ್ಬರ್ ಬತ್ತಿಗೆ ಅಂಟು ಸವರತೊಡಗಿದೆ. ಅಷ್ಟರಲ್ಲಿ ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸು ಬಂತು. ನಾನು ಕೈ ಮಾಡದಿದ್ದರೂ ತಾನಾಗಿ ನಿಧಾನವಾಗಿ ನಿಂತಿತು. ಇಂಥ ಉಪಕಾರ ಜೀವಮಾನದಲ್ಲಿ ಇನ್ನೊಮ್ಮೆ ನಡೆಯಲಿಕ್ಕಿಲ್ಲ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಬರ್ತೀರೇನ್ರೀ? ಗಾಡಿ ಅಲ್ಲೇ ಇರ್ಲಿ, ಗಾಳಿ ಇಲ್ಲದ್ದು ಯಾರ ಒಯ್ತಾರ!" ಎಂದ. ಬಸ್ಸಿನವರೆಲ್ಲ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನರೆದುರು ಸೋತು ಹತ್ತುವುದೆ? "ಆತ್ರಿ, ಆಗೇ ಹೋತು, ನೀವು ನಡೀರಿ" ಎಂದು ರಬ್ಬರ್ ಬತ್ತಿ ಹಿಡಿದಿದ್ದ ಕೈಯನ್ನೇ ಬೀಸಿದೆ. ಬಸ್ಸು ಹೋಯಿತು. ಬೆನ್ನಿಗೇ ಮನೆಯಾಕೆಯ ಫೋನು.

"ಎಲ್ಲಿದ್ದೀರಿ? ಕೂದಲ ತೆಗೆಯಾವ್ರು ಬಂದು ಕುಂತಾರ."

"ಗಬ್ಬೂರ ದಾಟೀನಿ, ಬಂದೆ."

ಮೊದಲ ಬತ್ತಿ ಸೂಜಿಯ ಜೊತೆಗೇ ವಾಪಸು ಬಂತು. ಎರಡನೆಯದು ಕೂತಿತು. ಎಷ್ಟು ಚೆಂದ ಕೂತಿತೆಂದರೆ, ಫೋಟೋ ತೆಗೆದುಕೊಂಡೆ. ಆಮೇಲೆ ಹೊಳೆಯಿತು, ನನ್ನ ಹತ್ತಿರ ಪಂಪಿಲ್ಲ. ತೂತು ಮುಚ್ಚುವ ಸರಂಜಾಮೆಲ್ಲ ಇತ್ತು, ಗಾಳಿ ತುಂಬುವುದಕ್ಕೆ ಏನೂ ಇರಲಿಲ್ಲ. ಮುದುಕಿ ಕನಿಕರದಿಂದ, "ಬಾಯಿಲೆ ಊದಿದ್ರ ಬರಂಗಿಲ್ಲೇನು?" ಎಂದಳು. ಆಕೆಯನ್ನು ಬೈಯುವಷ್ಟು ಉಸಿರೂ ನನ್ನಲ್ಲಿ ಉಳಿದಿರಲಿಲ್ಲ. ಅವಳೂ ಕುರಿಗಳೂ ಹೋದವು. ಬಿಸಿಲು ನೆತ್ತಿಗೆ ಬಂತು. ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಒಬ್ಬ ಟಂಟಂ ಆಟೋದವನು ಪಂಪು ಹೊರತೆಗೆದು ಗಾಳಿ ಹೊಡೆದುಕೊಟ್ಟ.

ಆದರೂ ಎಲ್ಲೋ ಸಣ್ಣಗೆ ಸುಸ್ ಸುಸ್ ಅನ್ನುತ್ತಿತ್ತು. ಬತ್ತಿಯ ಮೇಲೆ ಉಗುಳು ಹಚ್ಚಿ ನೋಡಿದೆ, ಗುಳ್ಳೆ ಇಲ್ಲ. ಸದ್ದಿನ ಜಾಡು ಹಿಡಿದು ಹೋದರೆ ಗಾಳಿ ತುಂಬುವ ವಾಲ್ ಸಿಕ್ಕಿತು. ಅದರ ಮೇಲೆ ಉಗುಳು ಹಚ್ಚಿದರೆ ಗುಳ್ಳೆಗಳು ನಗುತ್ತ ಎದ್ದವು. ಒಳಗಿನ ಪಿನ್ನು ಸಡಿಲಾಗಿತ್ತು. ಡಬ್ಬಿಯಲ್ಲಿ ಬಿದ್ದಿದ್ದ ಆ ತುದಿ ಸೀಳಿದ ಕಡ್ಡಿಯ ನೆನಪಾಗಿ, ಹಾಕಿ ನೋಡಿದರೆ ಪಿನ್ನಿಗೆಂದೇ ಮಾಡಿದ ಹಾಗೆ ಕೂತಿತು. ತುಸು ತಿರುವಿದೆ. ಸದ್ದು ನಿಂತಿತು.

ಅಂದರೆ ನನ್ನ ಟೈರಿಗೆ ತೂತೇ ಬಿದ್ದಿರಲಿಲ್ಲ. ಮುಳ್ಳು ಮೇಲೆ ಮೇಲೆ ಅಂಟಿಕೊಂಡಿತ್ತು. ಗಟ್ಟಿಮುಟ್ಟಾದ ಟೈರನ್ನು ಮೊಣಕಾಲೂರಿ ಕೊರೆದವನು ನಾನು, ಕೊರೆದದ್ದನ್ನು ಮುಚ್ಚಿ ಫೋಟೋ ತೆಗೆದುಕೊಂಡವನೂ ನಾನೇ. ಟಂಟಂನವ ಪಂಪು ಒಳಗಿಡುತ್ತ ಬತ್ತಿಯನ್ನು ಮುಟ್ಟಿ ನೋಡಿದ. "ಪಂಚರ್ ಭಾರಿ ಹಾಕೀರಿ ಸಾಬ್! ನೀವ ಹಾಕಿದ್ದಾ?"

"ಹೌದು" ಎಂದೆ. "ನಾನ ಹಾಕಿದ್ದು."

ಜಾಲಹಳ್ಳಿ ಮುಟ್ಟಿದಾಗ ಅಂಗಳದಲ್ಲಿ ಎಲೆ ಹಾಕಿದ್ದರು. ಕೂಸಿನ ತಲೆ ಬೋಳಾಗಿ ಗಂಧ ಬಳಿದುಕೊಂಡು, ಪಕ್ಕದ ಮನೆಯ ಕಿರಾಣಿ ಅಂಗಡಿಯ ಖಾಸಿಂಸಾಬರ ತೊಡೆಯ ಮೇಲೆ ಕೂತು ಪೆಪ್ಪರಮೆಂಟು ಚೀಪುತ್ತಿತ್ತು. ನಡೆದದ್ದನ್ನು ಮನೆಯಾಕೆ ಪಿಸುಗುಟ್ಟಿದಳು. ನನ್ನನ್ನು ಕಾದು ಕಾದು ಹೊತ್ತು ಮೀರಿತಂತೆ. "ಕೂಸಿನ ಮಾಮಾ ಎಲ್ಲಿ, ಮಾಮನ್ನ ಕರೀರಿ" ಎಂದು ಹಿರಿಯರು ಕೂಗಿದಾಗ, ದಿನಾ ಪೆಪ್ಪರಮೆಂಟು ಕೊಡುವ ಖಾಸಿಂಸಾಬರನ್ನು ಕಂಡು ಕೂಸೇ "ಮಾಮೂ!" ಎಂದು ಕೈ ಚಾಚಿತಂತೆ. ಎಲ್ಲರೂ ನಕ್ಕರಂತೆ. ರೇಣುಕಾಳ ಅತ್ತೆ, "ಕೂಸು ತನ್ನ ಮಾಮನ್ನ ತಾನ ಹುಡುಕ್ಕೊಂತು, ಕುಂದ್ರಸ್ರಿ" ಎಂದರಂತೆ.

ನಾನು ಜೇಬಿನಿಂದ ಉಡದಾರ ತೆಗೆದು ಕೂಸಿನ ಹತ್ತಿರ ಹೋದೆ. ರಬ್ಬರಿನ ಅಂಟು ಮೆತ್ತಿ ಮೊಣಕೈವರೆಗೂ ಕಪ್ಪಾಗಿದ್ದ ನನ್ನ ಕೈ ಕಂಡು ಅದು ಕಿಟ್ಟನೆ ಕಿರುಚಿ ಖಾಸಿಂಸಾಬರ ಕೊರಳಿಗೆ ಜೋತುಬಿತ್ತು. ಪಾಪ, ಆ ಮನುಷ್ಯ ಎದ್ದು ನಿಂತು, "ನೀವ ಕಟ್ರಿ ಭಾಯ್, ನಿಮ್ಮ ಹಕ್ಕದು. ನಾ ಸುಮ್ನ ಕುಂತಿದ್ದೆ" ಎಂದರು. ಮನಸಾರೆ ದ್ವೇಷಿಸೋಣವೆಂದರೆ ಅದಕ್ಕೂ ಆತ ಅವಕಾಶ ಕೊಡಲಿಲ್ಲ. ರೇಣುಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅತ್ತೆಯ ಕಡೆಗೊಮ್ಮೆ ನೋಡಿ, ತಲೆ ತಗ್ಗಿಸಿ, ಉಡದಾರವನ್ನು ನನ್ನ ಕೈಯಿಂದ ಇಸಿದುಕೊಂಡು, "ಕೈ ತೊಳ್ಕೊ ಅಣ್ಣಾ, ಊಟ ಆರಾಕತ್ತದ" ಎಂದಳು. ತೊಳೆದೆ. ಆ ಅಂಟು ಸೋಪಿಗೆ ಹೋಗುವಂಥದ್ದಲ್ಲ. ಹೋಳಿಗೆಯನ್ನು ಚಮಚದಿಂದ ಮುರಿದು ತಿಂದವನು ಅಂದಿನ ಪಂಕ್ತಿಯಲ್ಲಿ ನಾನೊಬ್ಬನೇ. ಒಂದೇ ಅಂಗಳದಲ್ಲಿ ಇಬ್ಬರು ಮಾಮೂ ಆಗಿದ್ದೆವು, ಅವರು ದಖನಿಯ ಅರ್ಥದಲ್ಲಿ, ನಾನು ರಾಯಚೂರಿನ ಅರ್ಥದಲ್ಲಿ.

ನನ್ನ ಪ್ಲಗ್ಗು ಇವತ್ತಿಗೂ ಒಂದು ಗುಳ್ಳೆ ಸೋರಿಲ್ಲ. ಅದನ್ನು ಯಾರಾದರೂ ಕೇಳಿದರೆ ತಾನೇ ಹೇಳುವುದು. ಮೊನ್ನೆ ರೇಣುಕಾ ಫೋನು ಮಾಡಿ, ಬರುವ ವಾರ ಕೂಸಿಗೆ ಕಿವಿ ಚುಚ್ಚಿಸುತ್ತೇವೆ ಎಂದಳು. ಅದೂ ಸೋದರಮಾವನ ತೊಡೆಯ ಮೇಲೆಯೇ ನಡೆಯಬೇಕಾದದ್ದು. ನಾನು ಅಂಗಿ ಸರಿಮಾಡಿಕೊಂಡು ಎದ್ದು ಕೂತೆ.

"ನೀ ಅವಸರ ಮಾಡಬ್ಯಾಡ ಅಣ್ಣಾ, ಬಸ್ಸಿಗಿ ಆರಾಮ ಊಟದ ಹೊತ್ತಿಗಿ ಬಾ. ಮಾಮೂಗ ಹೇಳೀವಿ, ಅವ್ರು ಕುಂದ್ರತಾರ."

ಆಯಿತವ್ವಾ ಎಂದು ಫೋನಿಟ್ಟೆ. ತೂತು ಹಾಕುವ ಕೆಲಸಕ್ಕೂ ನನ್ನನ್ನು ಕರೆಯಲಿಲ್ಲ.