ಮಾಸ್ಟ್ರ ವೆಲ್ಡಿಂಗ್ ಮೆಷಿನ್

ನಲವತ್ತೈದು ದಾಟಿದ ಮೇಲೆ ಕೆಲವರು ವಾಕಿಂಗ್ ಶುರು ಮಾಡುತ್ತಾರೆ, ಕೆಲವರು ಸಕ್ಕರೆ ಬಿಡುತ್ತಾರೆ. ನಾನು ವೆಲ್ಡಿಂಗ್ ಶುರು ಮಾಡಿದೆ. ವೇಣೂರಿನ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮನುಷ್ಯ ಬೆಸುಗೆ ಹಾಕಲು ಹೊರಟರೆ ಏನಾದರೊಂದು ಆಗದೇ ಇರುವುದಿಲ್ಲ. ಈಗಲೂ ವಾರಕ್ಕೊಂದು ಆಗುತ್ತಲೇ ಇದೆ.

ಗುಜರಿ ಕಾಕ

ನಮ್ಮ ಬಾವಿಯ ಗ್ರಿಲ್ ತುಕ್ಕು ಹಿಡಿದಿತ್ತು. ಸಿದ್ಧಕಟ್ಟೆಯ ವೆಲ್ಡಿಂಗ್ ಅಂಗಡಿಯವನು ನಾಲ್ಕು ತಿಂಗಳು "ನಾಳೆ ಬರ್ತೇನೆ ಮಾಸ್ಟ್ರೇ" ಎಂದ. ಐದನೇ ತಿಂಗಳು ನಾನೇ ಒಂದು ಹಳೆಯ ವೆಲ್ಡಿಂಗ್ ಮೆಷಿನ್ ತಂದು, ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿಯಲು ಕುಳಿತೆ.

ಹೆಂಡತಿ ಒಂದು ಷರತ್ತು ಹಾಕಿದಳು. ಅವಳ ಅಣ್ಣ, ಅಂದರೆ ನನ್ನ ಭಾವ, ಗಲ್ಫಿನಲ್ಲಿ ಎಣ್ಣೆ ಪೈಪುಗಳ ಬೆಸುಗೆ ಪರೀಕ್ಷಿಸುವ ಕೆಲಸದಲ್ಲಿದ್ದಾರೆ. ಅವರು ಫೇಲ್ ಎಂದ ಜಾಯಿಂಟನ್ನು ಅಲ್ಲಿ ಕತ್ತರಿಸಿ ಎಸೆಯುತ್ತಾರಂತೆ.

"ಅಣ್ಣ ರಜೆಯಲ್ಲಿ ಬರುವವರೆಗೆ ಮೆಷಿನ್ ಇರಲಿ. ನಿಮ್ಮ ಒಂದೇ ಒಂದು ಜಾಯಿಂಟ್ ಪಾಸ್ ಮಾಡಿದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗುಜರಿಗೆ ಕೊಡುವ," ಎಂದಳು. ನಾನು ಒಪ್ಪಿದೆ. ಒಂದು ಜಾಯಿಂಟ್ ಏನು ಮಹಾ ಎಂದು ಆಗ ಅನಿಸಿತ್ತು.

ಹೊಸ ಕಬ್ಬಿಣ ನಮಗೆಲ್ಲ ಆಗುವಂಥದ್ದಲ್ಲ. ಗುರುವಾಯನಕೆರೆಯ ಕಡೆ ಗುಜರಿ ಅಂಗಡಿ ಇಟ್ಟಿರುವ, ಎಲ್ಲರೂ ಕಾಕ ಎಂದು ಕರೆಯುವ ಒಬ್ಬರಿಂದ ಹಳೆ ತುಂಡು ತರುತ್ತಿದ್ದೆ. ಅದರಲ್ಲಿ ಸ್ಟೂಲ್ ಮಾಡಿದೆ, ಚಪ್ಪಲಿ ಸ್ಟ್ಯಾಂಡ್ ಮಾಡಿದೆ, ಹೂವಿನ ಕುಂಡ ಇಡುವ ಸ್ಟ್ಯಾಂಡ್ ಮಾಡಿದೆ. ಎಲ್ಲವೂ ಒಂದೊಂದಾಗಿ ಕುಸಿದು ಕಾಕನ ಅಂಗಡಿಗೇ ವಾಪಸು ಹೋದವು. ಮೂರನೇ ಸಲ ಕೊಂಡೊಯ್ದಾಗ ನನಗೇ ನಾಚಿಕೆಯಾಯಿತು.

ಕಾಕ ಮಾತ್ರ ಬಹಳ ಗೌರವದಿಂದ ಇಳಿಸಿಕೊಂಡರು. "ನಾಚಿಕೆ ಎಂತದಕ್ಕೆ ಮಾಸ್ಟ್ರೇ? ಬೇರೆಯವರ ಮಾಲು ಬಿಡಿಸಲಿಕ್ಕೆ ನನಗೆ ಗ್ಯಾಸ್ ಕಟ್ಟರ್ ಬೇಕು. ನಿಮ್ಮದು ಕೈಯಲ್ಲೇ ಬರ್ತದೆ."

ವೋಲ್ಟೇಜ್

ನಮ್ಮ ಕಡೆ ವೋಲ್ಟೇಜ್ ಮೊದಲೇ ನಾಚಿಕೆ ಸ್ವಭಾವದ್ದು. ನಾನು ಕಿಡಿ ಹಾರಿಸಿದರೆ ಪಕ್ಕದ ಮನೆಯ ಬಾಯಮ್ಮನ ಫ್ಯಾನ್ ನಿಧಾನವಾಗುತ್ತದೆ. ಬಾಯಮ್ಮ ಜಗಳದ ಹೆಂಗಸಲ್ಲ. ಫೋನ್ ಮಾಡಿ, "ವೆಲ್ಡಿಂಗ್ ಮಾಡ್ತಾ ಇದ್ದೀರಾ ಮಾಸ್ಟ್ರೇ? ಮಾಡಿ ಮಾಡಿ, ಸುಮ್ಮನೆ ಕೇಳಿದೆ," ಎನ್ನುತ್ತಿದ್ದರು. ನಾನು ನಿಲ್ಲಿಸುತ್ತಿದ್ದೆ.

ಒಂದು ದಿನ ಶಾಲೆಯಲ್ಲಿ ಪಾಠ ಮಾಡುತ್ತಿರುವಾಗ ಅವರ ಫೋನ್ ಬಂತು. ಅರೆಯಲು ಹಾಕಿದರೆ ಗ್ರೈಂಡರ್ ತಿರುಗುತ್ತಿಲ್ಲ.

"ಬಾಯಮ್ಮ, ನಾನು ಶಾಲೆಯಲ್ಲಿದ್ದೇನೆ."

ಅವರು ಸ್ವಲ್ಪ ಯೋಚಿಸಿ, "ಹಾಗಾದರೆ ಮೆಷಿನ್ ಆಫ್ ಮಾಡದೆ ಹೋದಿರಾ?" ಎಂದರು.

ಅವರು ಲೈನ್‌ಮ್ಯಾನಿಗೆ ಫೋನ್ ಮಾಡುವುದು ಒಳ್ಳೆಯದು ಎಂದೆ. ಐದು ನಿಮಿಷದಲ್ಲಿ ಮತ್ತೆ ಅವರದ್ದೇ ಫೋನ್. "ಲೈನ್‌ಮ್ಯಾನಿಗೆ ಮಾಡಿದೆ. ಮೊದಲು ಮಾಸ್ಟ್ರಲ್ಲಿ ಕೇಳಿ ನೋಡಿ ಅಂತ ಹೇಳಿದ."

ಕಣ್ಣು

ಮುಖಕ್ಕೆ ಹಿಡಿಯುವ ಕಪ್ಪು ಗಾಜಿನ ಹಿಂದಿನಿಂದ ಏನೂ ಕಾಣುವುದಿಲ್ಲ. ಹಾಗಾಗಿ ಒಂದು ಭಾನುವಾರ, ಸ್ವಲ್ಪವೇ ಅಲ್ಲವಾ ಎಂದು ಬರಿಗಣ್ಣಿನಲ್ಲೇ ನಾಲ್ಕು ಚುಕ್ಕೆ ಬೆಸುಗೆ ಹಾಕಿದೆ. ಸೋಮವಾರ ಏಳುವಾಗ ಕಣ್ಣಿನೊಳಗೆ ಒಂದು ಬುಟ್ಟಿ ಮರಳು. ಮೂಡುಬಿದಿರೆಯ ಕಣ್ಣಿನ ಡಾಕ್ಟರು ನೋಡಿ, "ಎಷ್ಟು ವರ್ಷದಿಂದ ವೆಲ್ಡರ್?" ಎಂದು ಕೇಳಿದರು. ಮಾಸ್ಟ್ರು ಎಂದೆ. ಅವರು ಚೀಟಿಯಲ್ಲಿ ಬರೆದದ್ದನ್ನು ಹೊಡೆದು ಹಾಕಿ, ಎರಡು ದಿನ ಜಾಸ್ತಿ ಮದ್ದು ಬರೆದರು.

ಮಧ್ಯಾಹ್ನ ಶಾಲೆಗೆ ಹೋದೆ. ಆ ದಿನವೇ ಎಂಟನೇ ತರಗತಿಗೆ ಪರೀಕ್ಷೆಯ ಉತ್ತರಪತ್ರಿಕೆ ಕೊಡಬೇಕಿತ್ತು. ಕೆಂಪಾಗಿ ಊದಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒಂದೊಂದೇ ಪೇಪರ್ ಹಂಚಿದೆ, ನಡುನಡುವೆ ಕರವಸ್ತ್ರ. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸರ್, ಮುಂದಿನ ಸಲ ಖಂಡಿತ ಓದ್ತೇವೆ ಸರ್," ಎಂದಳು. ಅವಳೂ ಅಳುತ್ತಿದ್ದಳು. ನಾನು ನಿಜ ಹೇಳಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಆ ತರಗತಿಯಲ್ಲಿ ಒಬ್ಬರೂ ಫೇಲಾಗಲಿಲ್ಲ.

ಹೆಡ್‌ಮಾಸ್ಟ್ರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. "ಒಂಬತ್ತನೇ ತರಗತಿಯವರದ್ದು ಸ್ವಲ್ಪ ಕಷ್ಟ ಉಂಟು ಮಾರಾಯ್ರೆ. ಇನ್ನೊಮ್ಮೆ ವೆಲ್ಡಿಂಗ್ ಮಾಡುವುದು ಯಾವಾಗ?"

ಪಾಸ್

ಭಾವ ರಜೆಯಲ್ಲಿ ಬಂದರು. ಜೊತೆಗೆ ಅತ್ತೆಯೂ ಬಂದರು. ಅತ್ತೆಯ ಸೇಮಿಗೆ, ಅಂದರೆ ಅಕ್ಕಿ ಶಾವಿಗೆ, ಒತ್ತುವ ಮಣೆಯ ಕಾಲು ಮುರಿದಿತ್ತು. ಅವರಿಗೆ ಹೊಸದು ಮಾಡಿ ಕೊಟ್ಟು ಭಾವನ ಪರೀಕ್ಷೆಗೂ ಅದನ್ನೇ ಇಡುವುದೆಂದು ಎರಡು ವಾರ ಕುಳಿತು ಮಾಡಿದ್ದೆ. ಮೂರು ಕಾಲು, ಮೇಲೆ ತಿರುಗಿಸುವ ಹಿಡಿ, ನಡುವೆ ಹಿಟ್ಟು ಹಾಕುವ ಸ್ಟೀಲಿನ ಕೊಳವೆ. ಕೊಳವೆಯ ತಳದಲ್ಲಿ ಕೂರುವ ತೂತಿನ ಬಿಲ್ಲೆ ಒತ್ತುವಾಗ ಜಾರಿ ಬೀಳುತ್ತದೆ ಎಂಬುದು ಅತ್ತೆಯ ಹಳೆಯ ದೂರು. ಹಾಗಾಗಿ ಅವರ ಡಬ್ಬಿಯಿಂದ ಒಂದು ಬಿಲ್ಲೆ ತರಿಸಿ, ಅದನ್ನು ಕೊಳವೆಯ ಒಳಗೆ ಸುತ್ತಲೂ ಬೆಸೆದುಬಿಟ್ಟಿದ್ದೆ. ಈ ಉಪಾಯ ಮಾಡುವವರಿಗೆ ಯಾಕೆ ಹೊಳೆಯಲಿಲ್ಲವೋ ಎಂದುಕೊಂಡಿದ್ದೆ.

ಭಾವ ಬೆಳಿಗ್ಗೆ ಚಾ ಕುಡಿದು, ಟಾರ್ಚ್ ಹಿಡಿದು, ನನ್ನದೇ ಸೀಮೆಸುಣ್ಣ ಕೇಳಿ ತೆಗೆದುಕೊಂಡರು. ಒಂದೊಂದು ಜಾಯಿಂಟನ್ನೂ ಬಗ್ಗಿ ನೋಡಿ, ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ, ತಪ್ಪು ಗುರುತು ಹಾಕುತ್ತ ಹೋದರು. ಹೊರಗೆ ಕಾಣುವ ಒಂಬತ್ತು ಜಾಯಿಂಟ್, ಒಂಬತ್ತು ತಪ್ಪು. ನನಗೆ ನಿಜಕ್ಕೂ ಬೇಸರವಾಯಿತು. ಇಪ್ಪತ್ತು ವರ್ಷ ನಾನೂ ಮಕ್ಕಳ ಪೇಪರಿಗೆ ಹೀಗೆಯೇ ಗೀಚಿದ್ದೇನೆ, ಆಚೆ ಬದಿಯಲ್ಲಿ ನಿಂತರೆ ಹೇಗಾಗುತ್ತದೆಂದು ಗೊತ್ತಿರಲಿಲ್ಲ. ಹೆಂಡತಿ ಮೆಷಿನ್ನಿನ ವಯರನ್ನು ಸುತ್ತಿಡಲು ಶುರು ಮಾಡಿದಳು.

ಅಷ್ಟರಲ್ಲಿ ಅತ್ತೆ ಬೇಯಿಸಿದ ಅಕ್ಕಿ ಉಂಡೆ ತಂದರು. "ಪರೀಕ್ಷೆ ಆಮೇಲೆ ಮಾಡುವ. ಇದು ಬಿಸಿ ಇರುವಾಗಲೇ ಒತ್ತಬೇಕು."

ನಾನು ಕಾಲು ಹಿಡಿದು ಕುಳಿತೆ, ಭಾವ ಹಿಡಿ ತಿರುಗಿಸಿದರು. ಮಣೆ ಮುರಿಯಲಿಲ್ಲ. ಕೆಳಗಿನಿಂದ ಬೆರಳು ದಪ್ಪದ, ಮುಳ್ಳುಮುಳ್ಳಾದ ಏನೋ ಇಳಿಯತೊಡಗಿತು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದು ಚಕ್ಕುಲಿಯ ಬಿಲ್ಲೆ. ಇದನ್ನು ತೆಗೆದು ಸೇಮಿಗೆಯದ್ದು ಹಾಕು ಮಗಾ."

ಭಾವ ಬಿಲ್ಲೆ ತೆಗೆಯಲು ಹೊರಟರು. ಮೊದಲು ಸ್ಕ್ರೂಡ್ರೈವರ್, ಆಮೇಲೆ ಉಳಿ, ಆಮೇಲೆ ಅಂಗಿ ಬಿಚ್ಚಿಟ್ಟು ದೊಡ್ಡ ಸುತ್ತಿಗೆ. ಉಳಿಯ ಬಾಯಿ ಮುರಿಯಿತು. ಬಿಲ್ಲೆ ಅಲುಗಾಡಲಿಲ್ಲ. ನಾವೆಲ್ಲ ಆ ದಪ್ಪ ಚಕ್ಕುಲಿಯನ್ನೇ ಕಾಯಿಹಾಲಿನಲ್ಲಿ ಅದ್ದಿ ತಿಂದು ಮುಗಿಸಿದರೂ ಭಾವ ಕುಟ್ಟುತ್ತಲೇ ಇದ್ದರು.

ಕೊನೆಗೆ ಬೆವರು ಒರೆಸಿಕೊಂಡು, ಕೊಳವೆಯೊಳಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಸೀಮೆಸುಣ್ಣ ತೆಗೆದುಕೊಂಡು ಕೊಳವೆಯ ಮೇಲೆ ದೊಡ್ಡದಾಗಿ ಸರಿ ಗುರುತು ಹಾಕಿದರು.

"ತಂಗೀ, ಇದು ಪಾಸ್. ಮೆಷಿನ್ ಇರಲಿ."

ಹೆಂಡತಿ ಕೈಯಲ್ಲಿದ್ದ ವಯರನ್ನು ಬಿಡಲಿಲ್ಲ. "ಅಲ್ಲಣ್ಣ, ಅಲ್ಲಿ ಜಾಯಿಂಟೇ ಇರಬಾರದಿತ್ತಲ್ಲ?"

ಭಾವ ಅಂಗಿ ಹಾಕಿಕೊಳ್ಳುತ್ತ ಹೇಳಿದರು, "ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ."