ಹನ್ನೊಂದು ಪದರದ ಕಪ್ಪು

"ಅಪ್ಪನ ಕಾರಿಗೆ ನಾನು ತೂತು ಮಾಡಿದ್ದೇನೆ" ಎಂದು ಡೈರಿಯ ಮೂಲೆಯಲ್ಲಿ, ತನಗೇ ಕಾಣಿಸದಷ್ಟು ಸಣ್ಣ ಅಕ್ಷರದಲ್ಲಿ ಬರೆದು ಅವಳು ಪುಟ ಮಡಚಿದಳು.

ಡಿಗ್ರಿ ಮುಗಿಸಿ ಮನೆಯಲ್ಲಿದ್ದವಳು ನಿನ್ನೆ ಕಾರಿನ ತಳದ ಕೆಸರು ಕೆರೆಯಲು ಸ್ಕ್ರೂಡ್ರೈವರ್ ಹಿಡಿದು ಅಡಿಗೆ ನುಗ್ಗಿದ್ದಳು. ಅದು ಕೆಸರಲ್ಲ, ತುಕ್ಕು ಹಿಡಿಯದಿರಲೆಂದು ಅಪ್ಪ ವರ್ಷಕ್ಕೊಮ್ಮೆಯಂತೆ ಹನ್ನೊಂದು ವರ್ಷ ಬಳಿದಿದ್ದ ಕಪ್ಪು ಲೇಪ. ಸ್ಕ್ರೂಡ್ರೈವರ್ ಬೆಣ್ಣೆಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು. ಗಾಬರಿಯಲ್ಲಿ ರಟ್ಟು ತುರುಕಿ, ಮೇಲೆ ಅದೇ ಲೇಪ ಮೆತ್ತಿದ್ದಳು.

ಇವತ್ತು ಹಳೇ ಕಾರುಗಳ ಮೆರವಣಿಗೆಗೆ ಗಾಡಿ ಆರಿಸುವ ಮೆಕ್ಯಾನಿಕ್ ಬರುವವರಿದ್ದರು. ತಳ ಗಟ್ಟಿಯಿದ್ದರೆ ಮಾತ್ರ ಪ್ರವೇಶ. ಮೂರು ವರ್ಷ ಕಾದಿದ್ದ ಅಪ್ಪ ಬೆಳಿಗ್ಗೆಯೇ ಇಸ್ತ್ರಿ ಅಂಗಿ ತೊಟ್ಟಿದ್ದರು.

"ಅಪ್ಪಾ, ಒಂದು ವಿಷಯ..."

"ಆಮೇಲೆ ಹೇಳು ಪುಟ್ಟಿ. ಬಟ್ಟೆ ತಗೊಂಬಾ, ಗಾಜು ಒರೆಸ್ಬೇಕು."

ಎದುರುಮನೆಯ ನಿವೃತ್ತ ಮೇಷ್ಟ್ರು ಬಗ್ಗಿ ನೋಡಿದರು. "ಇನ್ನೊಂದು ಕೋಟ್ ಹೊಡೀರಿ ಸಾರ್, ಹೊಳೀಲಿ." ಅಪ್ಪ ಹೊಡೆದರು. ಒಣಗಲೆಂದು ಮೇಷ್ಟ್ರ ಹೆಂಡತಿ ಫ್ಯಾನು ತಂದಿಟ್ಟರು. ಬೀದಿಯ ತರಗೆಲೆಯೆಲ್ಲ ಹಾರಿ ಬಂದು ಹಸಿ ಲೇಪಕ್ಕೆ ಅಂಟಿ, ಕಾರಿನ ಹೊಟ್ಟೆ ಗಡ್ಡ ಬಿಟ್ಟಂತೆ ಕಂಡಿತು. ಎಲ್ಲರೂ ಎಲೆ ಕೀಳುತ್ತಿರುವಾಗಲೇ ಮೆಕ್ಯಾನಿಕ್ ಬಂದು, ನೇರ ಕಾರಿನಡಿ ಜಾರಿದರು.

"ಮೇಲೆ ಭಾರ ಬಿದ್ರೆ ತಳದ ತಾಕತ್ತು ಗೊತ್ತಾಗುತ್ತೆ," ಎನ್ನುತ್ತ ಮೇಷ್ಟ್ರು ಬಾಗಿಲು ತೆಗೆದರು.

"ಅಂಕಲ್, ಅಲ್ಲಿ ಕಾಲಿಡ್ಬೇಡಿ," ಎನ್ನಹೋದಳು. ಆ ಮಾತು ಅವಳ ತುಟಿಯನ್ನೇ ದಾಟಲಿಲ್ಲ. ಮೇಷ್ಟ್ರ ಕಾಲು ಚಪ್ಪಲಿ ಸಮೇತ ತಳ ದಾಟಿತು.

"ಯಾರದ್ದಿದು ಕಾಲು?" ಕೆಳಗಿನಿಂದ ಶಾಂತವಾದ ಪ್ರಶ್ನೆ.

"ನಂದು," ಮೇಲಿನಿಂದ ಉತ್ತರ. "ವಾಪಸ್ ಬರ್ತಿಲ್ಲ."

ಬಿಡಿಸಲು ಹತ್ತು ನಿಮಿಷ ಬೇಕಾಯಿತು. "ಊಟ ಕಮ್ಮಿ ಮಾಡಿ ಅಂದ್ರೆ ಕೇಳಿದ್ರಾ?" ಎಂದು ಹೆಂಡತಿ ಗದರಿದರು. ಮೇಷ್ಟ್ರು ಕುಗ್ಗಿ ಹೋದರು.

ಮೆಕ್ಯಾನಿಕ್ ಎದ್ದು ಬಂದರು. "ಮೇಷ್ಟ್ರ ತಪ್ಪಿಲ್ಲ. ಲೇಪದ ಒಳಗೆ ನೀರು ಸೇರ್ಕೊಂಡು ತಗಡು ಎಂದೋ ಪುಡಿಯಾಗಿದೆ. ನಿಂತಿರೋದು ಬರೀ ಲೇಪ. ಒಂದು ಕಡೆ ಹೊಸ ರಟ್ಟು, ಪಕ್ಕದಲ್ಲಿ ಹಳೇ ಡಬ್ಬಿ ಮುಚ್ಚಳ."

ಅಪ್ಪ ಕೆಮ್ಮಿದರು. "ಮುಚ್ಚಳ ನಂದು. ಹೋದ ವರ್ಷ ತೂತು ಕಂಡೆ. ಇವಳಿಗೆ ಈ ಕಾರಂದ್ರೆ ಪ್ರಾಣ, ನೊಂದ್ಕೋತಾಳೆ ಅಂತ ಮುಚ್ಚಿಟ್ಟೆ. ನಂಗೇನು, ಬಸ್ಸೇ ವಾಸಿ. ಮೆರವಣಿಗೇಲಿ ಇವಳನ್ನ ಮುಂದೆ ಕೂರಿಸ್ಬೇಕು ಅಂತ ಇಷ್ಟೆಲ್ಲ."

ಅಪ್ಪ ನೊಂದುಕೊಳ್ಳುತ್ತಾರೆಂದು ಅವಳು ರಾತ್ರಿಯಿಡೀ ನಿದ್ದೆಗೆಟ್ಟಿದ್ದಳು.

ಮೆಕ್ಯಾನಿಕ್ ಅವಳ ಕಪ್ಪಾದ ಉಗುರು ನೋಡಿದರು. "ಈ ವರ್ಷ ಆಗಲ್ಲ. ಲೇಪ ಪೂರಾ ಕೆರೆದು ಹೊಸ ತಗಡು ಬೆಸೆದ್ರೆ ಬರೋ ವರ್ಷ ಸೇರಿಸ್ಕೋತೀನಿ. ರಟ್ಟು ಕೂರಿಸಿದ ಕೈ ಅಚ್ಚುಕಟ್ಟಾಗಿದೆ. ಕೆರೆಯೋಕೆ ನೀನೇ ಸರಿಯಮ್ಮ." ಕೆರೆಯುವ ಉಳಿಯನ್ನು ಅವಳ ಕೈಗೇ ಕೊಟ್ಟರು.

"ನೋಡಿದ್ರಾ, ಕಾರಂದ್ರೆ ಹೇಗೆ ಆಡ್ತಾಳೆ," ಎಂದು ಅಪ್ಪ ಹಿಗ್ಗಿದರು.

"ಅಪ್ಪಾ," ಎಂದಳು ಅವಳು, ಬೀದಿಗೆಲ್ಲ ಕೇಳುವಂತೆ. "ಈ ಕಾರಲ್ಲಿ ಕೂತ್ರೆ ನಂಗೆ ಮೊದಲಿಂದ್ಲೂ ವಾಂತಿ ಬರುತ್ತೆ. ಕೆಳಗೆ ಮಲಗಿದ್ರೆ ಬರಲ್ಲ."